ಪ್ಲೀಸಿಯೋಸಾರಸ್ ಪೆಟ್ಟಿಗೆ: ಕಡಲ ಸರೀಸೃಪವನ್ನು ಪೂರ್ತಿ ಹೆಸರಿನೊಂದಿಗೆ ಮಕ್ಕಳ ಕೈಗೆ ಕೊಡುವ ಆಟಿಕೆ

ಇತಿಹಾಸಪೂರ್ವ ಪ್ರಾಣಿಗಳ ಆಟಿಕೆಗಳಲ್ಲಿ ಬಹುಪಾಲು ನೆಲದ ಮೇಲೆ ನಡೆದಾಡಿದ ಡೈನೋಸಾರ್‌ಗಳದ್ದೇ. ಸಮುದ್ರದಲ್ಲಿ ಬದುಕಿದ ಸರೀಸೃಪಗಳು ಸಿಕ್ಕರೂ ಹತ್ತಾರು ಗೊಂಬೆಗಳಿರುವ ಚೀಲದೊಳಗೆ ಒಂದಾಗಿ, ಹೆಸರು ಹೇಳುವ ಒಂದು ಚೀಟಿಯೂ ಇಲ್ಲದೆ ಸಿಗುತ್ತವೆ. ಇಲ್ಲಿ ನಾನು ವಿಮರ್ಶಿಸುತ್ತಿರುವ ಪೆಟ್ಟಿಗೆ ಆ ಸಾಲಿಗೆ ಸೇರುವುದಿಲ್ಲ. ಇದರಲ್ಲಿರುವುದು ಒಂದೇ ಪ್ರಾಣಿ, ಪ್ಲೀಸಿಯೋಸಾರಸ್. ಒಂದು ಗೇಣಿಗಿಂತ ತುಸು ಉದ್ದನೆಯ ಮೃದು ಪ್ಲಾಸ್ಟಿಕ್ ಮಾದರಿ, ಹೆಸರನ್ನು ಬಿಡಿಬಿಡಿಯಾಗಿ ಅಚ್ಚು ಮಾಡಿರುವ ದಪ್ಪ ರಟ್ಟಿನ ಬಿಲ್ಲೆಗಳು, ಎರಡೂ ಬದಿಯಲ್ಲಿ ಚಿತ್ರಗಳಿರುವ ಒಂದು ಮಡಚು ಹಾಳೆ ಮತ್ತು ಪ್ರಾಣಿಯ ನಿಜವಾದ ಉದ್ದಕ್ಕೆ ಸರಿಯಾಗಿ ಕತ್ತರಿಸಿರುವ ಒಂದು ಬಟ್ಟೆಯ ಪಟ್ಟಿ, ಇಷ್ಟೇ ಇದರೊಳಗಿನ ಸಾಮಾನು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದರಲ್ಲಿ ಮೆಚ್ಚಿಗೆಯಾದದ್ದೂ ಆಗದ್ದೂ ಈ ಬಗೆಯ ಯಾವ ಆಟಿಕೆಯನ್ನು ಆರಿಸುವಾಗಲಾದರೂ ನೋಡಬೇಕಾದ ಸಂಗತಿಗಳೇ ಆಗಿವೆ.

ಮೊದಲು ಹೆಸರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಪೆಟ್ಟಿಗೆಯ ನಿಜವಾದ ಸಾಮರ್ಥ್ಯ ಇರುವುದು ಅಲ್ಲಿ. ಇಂಥ ಪ್ರಾಣಿಯನ್ನು ಮಕ್ಕಳಿಗೆ ತೋರಿಸುವಾಗ ದೊಡ್ಡವರು ‘ಉದ್ದ ಕತ್ತಿನ ಡೈನೋ’ ಎಂದೋ ‘ಕಡಲ ರಾಕ್ಷಸ’ ಎಂದೋ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಪೂರ್ತಿ ಹೆಸರು ಮಗುವಿನ ನಾಲಿಗೆಗೆ ಹೊರಳುವುದಿಲ್ಲ ಎಂಬುದು ಅವರು ಕೊಡುವ ಕಾರಣ. ವಾರಕ್ಕೊಮ್ಮೆ ಮಕ್ಕಳೊಂದಿಗೆ ಕುಳಿತು ಓದುವ ರೂಢಿಯಿರುವ ನನಗೆ ಈ ಕಾರಣ ಎಂದೂ ಒಪ್ಪಿಗೆಯಾಗಿಲ್ಲ. ಮಕ್ಕಳು ದಿನವೂ ಹೊಸ ಪದಗಳನ್ನು ಕಲಿಯುತ್ತಲೇ ಇರುವುದರಿಂದ ಅವರ ಪಾಲಿಗೆ ಈ ಹೆಸರೂ ಇನ್ನೊಂದು ಹೊಸ ಪದವಷ್ಟೇ. ತಡವರಿಸುವುದು ಬಹಳ ಸಲ ಹೇಳಿಕೊಡುವವರ ನಾಲಿಗೆ. ಹೆಸರನ್ನು ಮೊಟಕು ಮಾಡಿ ಕೊಟ್ಟರೆ ಆ ಹೆಸರಿನೊಳಗೆ ಇರುವುದೆಲ್ಲವೂ ಮಗುವಿನ ಕೈತಪ್ಪುತ್ತದೆ.

ಪೆಟ್ಟಿಗೆಯವರು ಹೆಸರನ್ನು ಐದು ಬಿಲ್ಲೆಗಳಾಗಿ ಒಡೆದಿದ್ದಾರೆ: ಪ್ಲೀ, ಸಿ, ಯೋ, ಸಾ, ರಸ್. ಇದರಲ್ಲಿ ಒಂದು ಸೂಕ್ಷ್ಮವಿದೆ. ಪ್ಲೀ, ಯೋ, ಸಾ ಎಂಬ ದೀರ್ಘಗಳ ಬಿಲ್ಲೆಗಳು ಅಗಲವಾಗಿವೆ. ಸಿ ಮತ್ತು ರಸ್ ಕಿರಿದಾಗಿವೆ. ಬಿಲ್ಲೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಒಂದೊಂದನ್ನು ಮುಟ್ಟುತ್ತ ಹೇಳುವ ಮಗು, ಅಗಲವಾದ ಬಿಲ್ಲೆಯ ಮೇಲೆ ಬೆರಳನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆಯುವಾಗ ಸ್ವರವನ್ನೂ ತಾನಾಗಿಯೇ ಎಳೆಯುತ್ತದೆ. ಇನ್ನೂ ಓದು ಬಾರದ ಮಕ್ಕಳು ಸಹ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬುದನ್ನು ಬೆರಳಿನಿಂದಲೇ ತಿಳಿದುಕೊಳ್ಳುವುದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಮೊದಲು ‘ಪೀಸಿಯೋ’ ಎಂದು ಒತ್ತಕ್ಷರವನ್ನು ನುಂಗುತ್ತಿದ್ದ ಒಂದು ಪುಟ್ಟ ಹುಡುಗಿ, ಮೊದಲ ಬಿಲ್ಲೆಯಲ್ಲಿ ಪಕಾರದ ಕೆಳಗೆ ಬೇರೆ ಬಣ್ಣದಲ್ಲಿ ಅಚ್ಚಾಗಿದ್ದ ಳಕಾರವಲ್ಲದ ಲಕಾರದ ಒತ್ತನ್ನು ತೋರಿಸಿದ ಕೂಡಲೇ ‘ಪ್ಲೀ’ ಎಂದು ನಾಲಿಗೆಯನ್ನು ಮೇಲಕ್ಕೆ ಒತ್ತಿ ಹೇಳಿದಳು. ಅಲ್ಲಿಂದ ಮುಂದಕ್ಕೆ ಆ ಹೆಸರು ಅವಳದ್ದೇ ಆಯಿತು.

ಬಿಲ್ಲೆಗಳ ಹಿಂಬದಿಯಲ್ಲಿ ಅರ್ಥವಿದೆ. ಮೊದಲ ಮೂರನ್ನು ತಿರುಗಿಸಿದರೆ ‘ಹತ್ತಿರದ’ ಎಂದೂ ಕೊನೆಯ ಎರಡನ್ನು ತಿರುಗಿಸಿದರೆ ‘ಹಲ್ಲಿ’ ಎಂದೂ ಓದಬಹುದು. ಎರಡೂ ಗ್ರೀಕ್ ಮೂಲದವು. 1821ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿಗಳಾದ ವಿಲಿಯಂ ಕಾನಿಬಿಯರ್ ಮತ್ತು ಹೆನ್ರಿ ಡಿ ಲಾ ಬೆಶ್ ಈ ಹೆಸರನ್ನು ಇಟ್ಟಾಗ, ಅದಕ್ಕೂ ಮೊದಲೇ ಗೊತ್ತಿದ್ದ ಇಕ್ತಿಯೋಸಾರಸ್‌ಗಿಂತ ಈ ಪ್ರಾಣಿ ಸರೀಸೃಪಗಳಿಗೆ ಹೆಚ್ಚು ಹತ್ತಿರದ್ದು ಎಂಬ ಅಭಿಪ್ರಾಯ ಅವರದಾಗಿತ್ತು. ಇಕ್ತಿಯೋಸಾರಸ್ ಎಂದರೆ ‘ಮೀನು ಹಲ್ಲಿ’. ಹೀಗೆ ಒಂದು ಹೆಸರಿನ ಬಾಲವನ್ನು ಹಿಡಿದ ಮಗು ಬೇರೆ ಹೆಸರುಗಳಲ್ಲಿಯೂ ಅದೇ ಬಾಲವನ್ನು ಹುಡುಕಲು ತೊಡಗುತ್ತದೆ. ಯೂರೋಪಿನ ಮ್ಯೂಸ್ ನದಿಯ ಹೆಸರನ್ನು ಹೊತ್ತಿರುವ ಮೋಸಾಸಾರಸ್ ಎಂಬ ಇನ್ನೊಂದು ಕಡಲ ಸರೀಸೃಪದ ಹೆಸರನ್ನು ಹೇಳಿದಾಗ, ಮಕ್ಕಳು ‘ಸಾರಸ್’ ಬಂದ ಕೂಡಲೇ ಹಲ್ಲಿ ಎಂದು ಕೂಗಿದರು. ಇಲ್ಲಿ ದೊಡ್ಡವರು ಒಂದು ಮಾತನ್ನು ಸೇರಿಸಬೇಕು: ಹೆಸರಿನಲ್ಲಿ ಹಲ್ಲಿ ಇದ್ದ ಮಾತ್ರಕ್ಕೆ ಪ್ಲೀಸಿಯೋಸಾರಸ್ ಹಲ್ಲಿಗಳ ಕುಲಕ್ಕೆ ಸೇರಿದ್ದಲ್ಲ, ಆ ಕಾಲದವರು ದೊಡ್ಡ ಸರೀಸೃಪಗಳಿಗೆಲ್ಲ ಹೀಗೆ ಹೆಸರಿಡುತ್ತಿದ್ದರು. ಮಡಚು ಹಾಳೆಯಲ್ಲಿ ಈ ಒಂದು ಸಾಲು ಇಲ್ಲ, ಇರಬೇಕಿತ್ತು.

ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬಟ್ಟೆಯ ಪಟ್ಟಿ. ಅದರ ಉದ್ದ 3.5 ಮೀಟರ್, ಪೂರ್ತಿ ಬೆಳೆದ ಪ್ಲೀಸಿಯೋಸಾರಸ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದವಿತ್ತು. ತಲೆ, ಕತ್ತು, ಮುಂಡ, ಬಾಲ ಎಂದು ನಾಲ್ಕು ಬಣ್ಣಗಳಲ್ಲಿ ಪಟ್ಟಿಯನ್ನು ಪಾಲು ಮಾಡಲಾಗಿದೆ. ಹಾಸಿದ ತಕ್ಷಣ ಕಣ್ಣಿಗೆ ಬೀಳುವುದು ತಲೆಯ ಪಾಲು ಎಷ್ಟು ಪುಟ್ಟದು ಎಂಬುದು. ಅದಕ್ಕಿಂತ ಮುಖ್ಯವಾಗಿ, ಕತ್ತಿನ ಭಾಗದಲ್ಲಿ ಒಂದೊಂದು ಮೂಳೆಮಣಿಗೆ ಒಂದೊಂದರಂತೆ ಸುಮಾರು 40 ಅಡ್ಡಗೆರೆಗಳನ್ನು ಹಾಕಿದ್ದಾರೆ. ಮಕ್ಕಳು ಮೊಣಕಾಲೂರಿ ಆ ಗೆರೆಗಳನ್ನು ಎಣಿಸುತ್ತಾರೆ, ನಡುವೆ ಲೆಕ್ಕ ತಪ್ಪುತ್ತಾರೆ, ಮತ್ತೆ ತಲೆಯ ಕಡೆಯಿಂದ ಶುರು ಮಾಡುತ್ತಾರೆ. ಹಾಗೆ ಎಣಿಸಿದ ಮೇಲೆ, ನಮ್ಮ ಕತ್ತಿನಲ್ಲಿರುವುದು ಏಳೇ ಮೂಳೆಗಳು, ಅಷ್ಟೆತ್ತರದ ಜಿರಾಫೆಯ ಕತ್ತಿನಲ್ಲಿಯೂ ಏಳೇ ಎಂದು ಹೇಳಿದರೆ ಅವರ ಕೈ ತಾನಾಗಿ ಹಿಂದಕ್ಕೆ ಹೋಗಿ ತಮ್ಮದೇ ಕತ್ತನ್ನು ತಡವಿಕೊಳ್ಳುತ್ತದೆ. ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದ್ದರೆ ಆಗದ ಕೆಲಸವನ್ನು ಈ ಗೆರೆಗಳು ಮಾಡುತ್ತವೆ. ಹತ್ತು ಮೀಟರಿಗೂ ಮೀರಿ ಬೆಳೆಯುತ್ತಿದ್ದ ಎಲಾಸ್ಮೋಸಾರಸ್ ಕೂಡ ಪ್ಲೀಸಿಯೋಸಾರಸ್ ಇರುವ ‘ಪ್ಲೀಸಿಯೋಸಾರ್’ ಗುಂಪಿಗೇ ಸೇರಿದ್ದು, ಅದರ ಕತ್ತಿನಲ್ಲಿ 72 ಮೂಳೆಗಳಿದ್ದವು ಎಂದು ತಿಳಿಸಿದಾಗ, ಇಂಥ ಮೂರು ಪಟ್ಟಿಗಳು ಬೇಕಾಗುತ್ತವೆ ಎಂಬ ಲೆಕ್ಕವನ್ನು ದೊಡ್ಡ ಮಕ್ಕಳು ತಾವೇ ಹಾಕಿದರು.

ಈ ಕತ್ತಿನ ಮೂಳೆಗಳ ಎಣಿಕೆಗೆ ಒಂದು ಚರಿತ್ರೆಯೂ ಇದೆ, ಮಡಚು ಹಾಳೆಯ ಒಂದು ಬದಿ ಪೂರ್ತಿಯಾಗಿ ಅದಕ್ಕೇ ಮೀಸಲು. 1799ರಲ್ಲಿ ಹುಟ್ಟಿದ ಮೇರಿ ಆ್ಯನಿಂಗ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಊರಿನವರು. ಅಲ್ಲಿನ ಕಡಲ ದಂಡೆಯ ಬಂಡೆಗಳು ಕುಸಿದಾಗ ಹೊರಬೀಳುವ ಪಳೆಯುಳಿಕೆಗಳನ್ನು ಹೆಕ್ಕಿ ಮಾರುವುದು ಅವರ ಕುಟುಂಬದ ಜೀವನೋಪಾಯವಾಗಿತ್ತು. ಇಕ್ತಿಯೋಸಾರ್‌ನ ತಲೆಬುರುಡೆಯನ್ನು ಅಣ್ಣ ಜೋಸೆಫ್ 1811ರಲ್ಲಿ ಕಂಡುಹಿಡಿದಾಗ, ಉಳಿದ ಅಸ್ಥಿಪಂಜರವನ್ನು ಮರುವರ್ಷ ಹುಡುಕಿ ತೆಗೆದವರು ಇನ್ನೂ ಎಳೆಯ ಹುಡುಗಿಯಾಗಿದ್ದ ಮೇರಿ. 1823ರ ಡಿಸೆಂಬರಿನಲ್ಲಿ ಅವರಿಗೆ ಪ್ಲೀಸಿಯೋಸಾರಸ್‌ನ ಹೆಚ್ಚುಕಡಿಮೆ ಇಡಿಯಾದ ಅಸ್ಥಿಪಂಜರವೇ ಸಿಕ್ಕಿತು. ಅದರ ಚಿತ್ರವನ್ನು ನೋಡಿದ ಫ್ರಾನ್ಸಿನ ಪ್ರಖ್ಯಾತ ಅಂಗರಚನಾ ತಜ್ಞ ಜಾರ್ಜ್ ಕ್ಯುವಿಯೆ, ಒಂದು ಸರೀಸೃಪದ ಕತ್ತಿನಲ್ಲಿ ಇಷ್ಟೊಂದು ಮೂಳೆಗಳಿರಲು ಸಾಧ್ಯವೇ ಎಂದು ಅನುಮಾನಿಸಿದರು; ಬೇರೆ ಬೇರೆ ಪ್ರಾಣಿಗಳ ಮೂಳೆಗಳನ್ನು ಜೋಡಿಸಿರಬಹುದೇ ಎಂಬ ಮಾತು ಎದ್ದಿತು. 1824ರ ಫೆಬ್ರುವರಿಯಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಸಭೆಯಲ್ಲಿ ಕಾನಿಬಿಯರ್ ಈ ಅಸ್ಥಿಪಂಜರವನ್ನು ವಿವರಿಸಿದರು. ಕ್ಯುವಿಯೆ ತಮ್ಮ ಅನುಮಾನವನ್ನು ಕೈಬಿಟ್ಟರು. ಮೇರಿ ಅಗೆದು ತೆಗೆದದ್ದು ನಿಜವಾಗಿತ್ತು.

ಹಾಳೆ ಈ ಕಥೆಯನ್ನು ಸರಳವಾಗಿ, ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತದೆ. ಆದರೆ ಸಭೆಯ ವಿವರಣೆಯಲ್ಲಿ ಮೇರಿಯ ಹೆಸರು ಬರಲಿಲ್ಲ ಎಂಬುದನ್ನಾಗಲಿ, ಆ ಸಂಸ್ಥೆ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ, ಎಂದರೆ ಮೇರಿ ತೀರಿಕೊಂಡು ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲವಾದ ಮೇಲೆ ಎಂಬುದನ್ನಾಗಲಿ ಹಾಳೆ ಹೇಳುವುದಿಲ್ಲ. ಮಕ್ಕಳಿಗೆ ಇದು ಭಾರವಾದೀತು ಎಂದು ಬಿಟ್ಟಿರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರಾಣಿಗೆ ಹೆಸರಿಟ್ಟವರು ಯಾರು ಎಂದು ಕೇಳಿದ ಮಗು, ಅದನ್ನು ಹುಡುಕಿದವರು ಯಾರು ಎಂದೂ ಕೇಳುತ್ತದೆ. ಎರಡಕ್ಕೂ ಉತ್ತರ ಒಂದೇ ಅಲ್ಲ ಎಂಬುದು ಅದಕ್ಕೆ ತಿಳಿಯಬೇಕಾದ ವಿಷಯ. ಆ ಅಸ್ಥಿಪಂಜರ ಇಂದಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಅದರ ಪ್ರಭೇದದ ಹೆಸರಾದ ‘ಡೋಲಿಕೋಡೈರಸ್’ ಎಂಬುದಕ್ಕೆ ಉದ್ದ ಕತ್ತಿನದು ಎಂದು ಅರ್ಥ. ಪೆಟ್ಟಿಗೆಯಲ್ಲಿ ಅದಕ್ಕೂ ಬಿಲ್ಲೆಗಳಿದ್ದರೆ ದೊಡ್ಡ ಮಕ್ಕಳಿಗೆ ಒಳ್ಳೆಯ ಮುಂದಿನ ಮೆಟ್ಟಿಲಾಗುತ್ತಿತ್ತು.

ಇನ್ನು ಮಾದರಿ. ಕೈಗೆ ತೆಗೆದುಕೊಂಡಾಗ ತಯಾರಕರ ಶ್ರದ್ಧೆ ಗೊತ್ತಾಗುವುದು ಅದರ ನಾಲ್ಕು ಈಜುಗಾಲುಗಳಲ್ಲಿ. ಅಗ್ಗದ ಗೊಂಬೆಗಳಲ್ಲಿ ಹಿಂದಿನ ಜೋಡಿಯನ್ನು ಕಿರಿದು ಮಾಡಿ, ಬಾತುಕೋಳಿಯ ಪಾದದಂತೆ ಹಿಂದಕ್ಕೆ ಚಾಚಿ ಬಿಟ್ಟಿರುತ್ತಾರೆ. ಇಲ್ಲಿ ನಾಲ್ಕೂ ಉದ್ದವಾಗಿ, ತುದಿಗೆ ಚೂಪಾಗಿ, ಅಡ್ಡ ಕೊಯ್ದರೆ ಮುಂದೆ ದಪ್ಪ ಹಿಂದೆ ತೆಳು ಎನ್ನುವಂತೆ ಇವೆ. ಒಬ್ಬ ಹುಡುಗ ಆ ಅಂಚಿನ ಮೇಲೆ ಹೆಬ್ಬೆರಳನ್ನು ಮುಂದಿನಿಂದ ಹಿಂದಕ್ಕೆ ಸವರಿ, ‘ಇಲ್ಲಿ ದಪ್ಪ, ಇಲ್ಲಿ ತೆಳ್ಳಗೆ, ಯಾಕೆ?’ ಎಂದು ಕೇಳಿದ. ಆ ಪ್ರಶ್ನೆ ಬರುವಂತೆ ಮಾಡಿದ್ದಕ್ಕೆ ಮಾದರಿ ಮಾಡಿದವರಿಗೆ ನಾನು ಕೃತಜ್ಞ. ನೀರಿನಲ್ಲಿ ಈ ಪ್ರಾಣಿಗಳು ನಾಲ್ಕೂ ಕಾಲುಗಳನ್ನು ಮೇಲೆ ಕೆಳಗೆ ಬೀಸಿ ಹಾರುವ ರೀತಿಯಲ್ಲಿ ಈಜುತ್ತಿದ್ದವು ಎಂದು ತಿಳಿಯಲಾಗಿದೆ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಯಂತ್ರದ ಈಜುಗಾಲುಗಳನ್ನು ನೀರಿನಲ್ಲಿ ಬೀಸಿ ನೋಡಿದಾಗ, ಮುಂದಿನ ಜೋಡಿ ಎಬ್ಬಿಸುವ ಸುಳಿಗಳನ್ನು ಸರಿಯಾದ ಲಯದಲ್ಲಿ ಹಿಡಿದರೆ ಹಿಂದಿನ ಜೋಡಿಗೆ ಹೆಚ್ಚಿನ ನೂಕುಬಲ ಸಿಗುತ್ತದೆ ಎಂಬುದು ಕಂಡುಬಂತು. ಹಿಂದಿನ ಕಾಲುಗಳನ್ನು ಕಿರಿದು ಮಾಡದೆ ಬಿಟ್ಟದ್ದು ಎಷ್ಟು ಸರಿ ಎಂಬುದಕ್ಕೆ ಇದು ಸಾಕು. ಬಾಲ ಚಿಕ್ಕದಾಗಿದೆ, ಮೇಲಿನ ಮತ್ತು ಕೆಳಗಿನ ಸೂಜಿಹಲ್ಲುಗಳು ಒಂದರ ನಡುವೆ ಒಂದು ಹೊಂದಿಕೊಳ್ಳುತ್ತವೆ. ಅವೂ ಸರಿಯಾಗಿಯೇ ಇವೆ.

ಸರಿಯಿಲ್ಲದ್ದು ಕತ್ತು. ಉದ್ದ ಸರಿಯಿದೆ, ನಿಲುವು ತಪ್ಪು. ಹಳೆಯ ಚಿತ್ರಗಳಲ್ಲಿ ಇರುವಂತೆ ಕತ್ತು ಹಂಸದ ಹಾಗೆ ಮೇಲೆದ್ದು ಬಾಗಿ, ತಲೆ ನೀರಿನಿಂದ ಹೊರಗೆ ನಿಂತಂತಿದೆ. ಪ್ಲೀಸಿಯೋಸಾರ್‌ಗಳ ಕತ್ತಿನ ಮೂಳೆಗಳು ಒಂದಕ್ಕೊಂದು ಒತ್ತಾಗಿ ಹೆಣೆದುಕೊಂಡಿದ್ದವು. ಅಷ್ಟೊಂದು ಮಣಿಗಳಿದ್ದರೂ ಒಂದೊಂದರ ನಡುವಿನ ಆಟ ಕಡಿಮೆಯಾಗಿದ್ದುದರಿಂದ ಕತ್ತನ್ನು ಹಾಗೆ ಡೊಂಕಾಗಿ ಎತ್ತಿ ನಿಲ್ಲಿಸುವುದು ಅವುಗಳಿಗೆ ಆಗುತ್ತಿರಲಿಲ್ಲ. ಬಟ್ಟೆಯ ಪಟ್ಟಿಯ ಮೇಲೆ ಮೂಳೆಗಳನ್ನು ಅಷ್ಟು ಕಾಳಜಿಯಿಂದ ಗೆರೆ ಹಾಕಿ ತೋರಿಸಿದವರು ಮಾದರಿಯಲ್ಲಿ ಅದೇ ಮೂಳೆಗಳನ್ನು ಮರೆತದ್ದು ನನಗೆ ಬೇಸರ ತಂದಿತು. ಮಗುವಿನ ಕೈ ಕಲಿಯುವುದು ಹಾಳೆಯಿಂದಲ್ಲ, ಗೊಂಬೆಯಿಂದ. ನೀರಿನಲ್ಲಿ ಆಡಿಸುವಾಗ ಮಕ್ಕಳು ಅದನ್ನು ಮೇಲೆಯೇ ತೇಲಿಸುತ್ತಾರೆ, ಏಕೆಂದರೆ ಕತ್ತಿನ ನಿಲುವು ಹಾಗೆ ಮಾಡು ಎಂದು ಹೇಳುತ್ತದೆ. ಮೀನುಗಳ ಹಿಂಡಿನ ನಡುವೆ ಮುಳುಗಿ ಸಾಗುವ ಬೇಟೆಗಾರನ ಆಟ ಅವರಿಗೆ ತಾನಾಗಿ ಹೊಳೆಯುವುದಿಲ್ಲ. ಪ್ಲಾಸ್ಟಿಕ್ ಮೃದುವಾಗಿರುವುದರಿಂದ ದೊಡ್ಡವರು ಕತ್ತಿನ ಭಾಗವನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ಹಾಗೆಯೇ ತಣ್ಣೀರಿನಲ್ಲಿ ಹಿಡಿದರೆ ಡೊಂಕು ಬಹುಮಟ್ಟಿಗೆ ಇಳಿಯುತ್ತದೆ. ಆದರೂ ಕೊಂಡವರು ಮಾಡಬೇಕಾದ ಕೆಲಸ ಇದಲ್ಲ.

ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪಕ್ಷರಗಳಲ್ಲಿ ‘ಕಡಲ ಡೈನೋಸಾರ್’ ಎಂದು ಅಚ್ಚಾಗಿದೆ. ಒಳಗೆ ಸರಿಯಾದ ಹೆಸರನ್ನು ಇಷ್ಟು ಚೆನ್ನಾಗಿ ಕಲಿಸುವ ಪೆಟ್ಟಿಗೆಯ ಮುಖದ ಮೇಲೆ ಇಂಥ ತಪ್ಪು ಇರಬಾರದು. ಪ್ಲೀಸಿಯೋಸಾರ್‌ಗಳು ಡೈನೋಸಾರ್‌ಗಳಲ್ಲ, ಸರೀಸೃಪಗಳ ಬೇರೆಯೇ ಶಾಖೆಗೆ ಸೇರಿದವು. ಡೈನೋಸಾರ್‌ಗಳ ಕಾಲುಗಳು ಸೊಂಟದಿಂದ ನೇರವಾಗಿ ಮೈಯ ಕೆಳಕ್ಕೆ ಇಳಿದು ನೆಲದ ಮೇಲೆ ಭಾರ ಹೊರುತ್ತಿದ್ದವು ಎಂಬ ಒಂದು ಗುರುತು ಸಣ್ಣ ಮಕ್ಕಳಿಗೆ ಸಾಕಾಗುತ್ತದೆ. ಮಾದರಿಯನ್ನು ತಿರುಗಿಸಿ ಹೊಟ್ಟೆಯ ಬದಿಯನ್ನು ತೋರಿಸಿ ‘ಈ ಕಾಲಿನಲ್ಲಿ ನಿಲ್ಲಬಹುದೇ?’ ಎಂದು ಕೇಳಿದರೆ ಉತ್ತರ ಅವರಿಂದಲೇ ಬರುತ್ತದೆ. ಇದಕ್ಕೆ ಹೊಂದುವ ಒಂದು ಸಂಗತಿಯನ್ನು ಹಾಳೆ ಕೈಬಿಟ್ಟಿದೆ. 1824ರ ಫೆಬ್ರುವರಿಯಲ್ಲಿ ಕಾನಿಬಿಯರ್ ಪ್ಲೀಸಿಯೋಸಾರಸ್ ಬಗ್ಗೆ ಮಾತಾಡಿದ ಅದೇ ಸಭೆಯಲ್ಲಿ ವಿಲಿಯಂ ಬಕ್‌ಲ್ಯಾಂಡ್ ಅವರು ಮೆಗಲೋಸಾರಸ್ ಎಂಬ ನೆಲದ ಪ್ರಾಣಿಯನ್ನು ಪರಿಚಯಿಸಿದರು. ರಿಚರ್ಡ್ ಓವೆನ್ 1842ರಲ್ಲಿ ಡೈನೋಸಾರ್‌ಗಳ ಗುಂಪಿಗೆ ಹೆಸರಿಟ್ಟಾಗ ಮೆಗಲೋಸಾರಸ್ ಅದರೊಳಗೆ ಸೇರಿತು, ಪ್ಲೀಸಿಯೋಸಾರಸ್ ಸೇರಲಿಲ್ಲ. ಒಂದೇ ಸಭೆಯಲ್ಲಿ ಜೊತೆಯಾಗಿ ಬಂದ ಎರಡು ಪ್ರಾಣಿಗಳ ದಾರಿ ಹೀಗೆ ಬೇರೆಯಾದದ್ದನ್ನು ಹೇಳಿದರೆ ಎಂಟು ವರ್ಷದ ಮಗು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಹಾಳೆಯ ಇನ್ನೊಂದು ಬದಿಯಲ್ಲಿ ಜುರಾಸಿಕ್ ಸಮುದ್ರದ ದೃಶ್ಯವಿದೆ. ಸುರುಳಿ ಚಿಪ್ಪಿನ ಅಮೊನೈಟ್‌ಗಳು, ದೊಡ್ಡ ಕಣ್ಣಿನ ಇಕ್ತಿಯೋಸಾರ್, ಮೀನುಗಳ ಹಿಂಡು ಎಲ್ಲವೂ ಅಚ್ಚುಕಟ್ಟಾಗಿ ಬಂದಿವೆ. ಸುಮಾರು 19 ಕೋಟಿ ವರ್ಷಗಳ ಹಿಂದೆ ಎಂದು ಕಾಲವನ್ನೂ ಸರಿಯಾಗಿ ಕೊಟ್ಟಿದ್ದಾರೆ. ಆದರೆ ಚಿತ್ರದ ಬಲಮೂಲೆಯಲ್ಲಿ ತಾಯಿ ಪ್ಲೀಸಿಯೋಸಾರ್ ಮರಳಿನ ಮೇಲೆ ತೆವಳಿ ಬಂದು ಮೊಟ್ಟೆಯಿಡುತ್ತಿದೆ. ಇದು ತಿದ್ದಲೇಬೇಕಾದ ಚಿತ್ರ. ಅಮೆರಿಕದ ಕಾನ್ಸಾಸ್‌ನಲ್ಲಿ ಸಿಕ್ಕ, ಸುಮಾರು 7.8 ಕೋಟಿ ವರ್ಷ ಹಳೆಯದಾದ ಪಾಲಿಕೋಟೈಲಸ್ ಎಂಬ ಪ್ಲೀಸಿಯೋಸಾರ್‌ನ ಅಸ್ಥಿಪಂಜರದೊಳಗೆ ಇನ್ನೂ ಹುಟ್ಟದ ಮರಿಯ ಮೂಳೆಗಳಿರುವುದನ್ನು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ತಾಯಿಯ ಉದ್ದ ಸುಮಾರು 4.7 ಮೀಟರ್, ಹೊಟ್ಟೆಯಲ್ಲಿದ್ದುದು ಒಂದೇ ಮರಿ, ಅದೂ ಸುಮಾರು ಒಂದೂವರೆ ಮೀಟರಿನಷ್ಟು ದೊಡ್ಡದು. ಎಂದರೆ ಇವು ಮೊಟ್ಟೆಯಿಡಲು ದಂಡೆಗೆ ಬರುತ್ತಿರಲಿಲ್ಲ. ನೀರಿನಲ್ಲಿಯೇ ಮರಿ ಹಾಕುತ್ತಿದ್ದವು. ಮಕ್ಕಳೊಂದಿಗೆ ಈ ಹಾಳೆಯನ್ನು ನೋಡುವಾಗ ನಾವು ಆ ಮೂಲೆಯ ಮೇಲೆ ಬಿಳಿ ಕಾಗದವನ್ನು ಅಂಟಿಸಿ, ತಾಯಿಯ ಪಕ್ಕದಲ್ಲಿ ಈಜುವ ಮರಿಯನ್ನು ಬರೆದೆವು. ಮರಿ ತಾಯಿಯ ಮೂರನೆಯ ಒಂದು ಪಾಲು ಎಂದು ಹೇಳಿದ್ದರಿಂದ ಬಟ್ಟೆಯ ಪಟ್ಟಿಯನ್ನು ಮೂರಾಗಿ ಮಡಚಿ ಅಳೆದು ನೋಡಿದ ಮಕ್ಕಳು, ಮರಿಯೇ ತಮಗಿಂತ ಉದ್ದವಿರಬಹುದೆಂದು ತಿಳಿದು ಬೆರಗಾದರು.

ಬಾಳಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಾದರಿಯ ಬಣ್ಣ ಉಜ್ಜಿದರೂ ಬಿಡಲಿಲ್ಲ. ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುವುದರಿಂದ ಒಳಗೆ ನೀರು ಸೇರುತ್ತದೆ; ಆಟ ಮುಗಿದ ಮೇಲೆ ಹಿಂಡಿ ತಲೆಕೆಳಗಾಗಿ ಒಣಗಿಸದಿದ್ದರೆ ವಾಸನೆ ಹಿಡಿಯುತ್ತದೆ. ಬಿಲ್ಲೆಗಳು ರಟ್ಟಿನವಾದ್ದರಿಂದ ಒದ್ದೆ ಕೈಗೆ ಕೊಡಬಾರದು. ಮಡಚು ಹಾಳೆ ಮಡಿಕೆಯ ಗೆರೆಯಲ್ಲಿ ಬೇಗ ಹರಿಯುತ್ತದೆ, ಹಿಂದಿನಿಂದ ಅಂಟುಪಟ್ಟಿ ಹಚ್ಚಿಟ್ಟರೆ ಒಳ್ಳೆಯದು.

ಮೂರು ವರ್ಷದೊಳಗಿನ ಮಕ್ಕಳಿಗೆ ಈ ಪೆಟ್ಟಿಗೆಯನ್ನು ಕೊಡಬೇಡಿ. ಬಿಲ್ಲೆಗಳು ಬಾಯಿಗೆ ಹೋಗುವಷ್ಟು ಚಿಕ್ಕವು. ನಾಲ್ಕರಿಂದ ಎಂಟರವರೆಗಿನವರಿಗೆ, ಜೊತೆಯಲ್ಲಿ ಕೂರಲು ದೊಡ್ಡವರೊಬ್ಬರು ಇರುವುದಾದರೆ, ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಮಗುವಿನ ಕೈಗೆ ಬರೀ ಪೆಟ್ಟಿಗೆಯನ್ನು ಕೊಟ್ಟು ಎದ್ದುಹೋಗುವುದಾದರೆ ಮುಚ್ಚಳದ ತಪ್ಪು ಮಾತು ಮತ್ತು ಮರಳಿನ ಮೇಲಿನ ಮೊಟ್ಟೆಗಳು ಬಿಲ್ಲೆಗಳಿಗಿಂತ ಮೊದಲೇ ಮನಸ್ಸಿನಲ್ಲಿ ಕೂತುಬಿಡುತ್ತವೆ. ಅಂಥವರು ಮುಚ್ಚಳ, ಹಾಳೆ, ಕತ್ತು ಈ ಮೂರನ್ನೂ ತಿದ್ದಿದ ಹೊಸ ಅಚ್ಚು ಬರುವವರೆಗೆ ಕಾಯುವುದು ಮೇಲು.